ಸುರಂಗದಾಚೆಯ ಸರ್ವರ್

ಸಕಲೇಶಪುರ ಬಿಟ್ಟ ರೈಲು ಸುಬ್ರಹ್ಮಣ್ಯ ರೋಡ್ ಸೇರುವಷ್ಟರಲ್ಲಿ 57 ಸುರಂಗಗಳನ್ನು ಹಾಯುತ್ತದೆ. ಕಿಟಕಿ ಪಕ್ಕ ಕೂತವರಿಗೆ ಅದು ಪಶ್ಚಿಮಘಟ್ಟದ ಸೊಬಗು. ವೆಬ್ ಆ್ಯಪ್ ಕಟ್ಟಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಇಷ್ಟು ಅಗ್ಗದ ಪ್ರಯೋಗಾಲಯ ಇನ್ನೊಂದಿಲ್ಲ. ಒಂದು ಮಳೆಗಾಲ ಆ ದಾರಿಯಲ್ಲಿ ಹೋಗುವಾಗ ಫೋನಿನಲ್ಲಿ ಮೂರು ಟ್ಯಾಬ್ ತೆರೆದಿದ್ದವು: ಕ್ರಿಕೆಟ್ ಸ್ಕೋರು, ಆಫೀಸಿನ ಚಾಟ್, ವಾಪಸು ಬರಲು ಬಸ್ಸಿನ ಟಿಕೆಟ್. ಸುರಂಗ ಬಂತು, ಸಿಗ್ನಲ್ ಹೋಯಿತು. ಹೊರಗೆ ಬಂದ ಮೇಲೆ, ಎರಡು ಓವರ್ ಹಿಂದೆ ಬಿದ್ದಿದ್ದ ಸ್ಕೋರು ತಾನಾಗಿಯೇ ಸರಿಹೋಯಿತು. ಚಾಟ್‌ನಲ್ಲಿ ಹಸಿರು ಚುಕ್ಕಿ ಉರಿಯುತ್ತಲೇ ಇತ್ತು, ಆದರೆ ಕಾಲು ಗಂಟೆ ಕಳೆದರೂ ಒಂದು ಸಂದೇಶವೂ ಬರಲಿಲ್ಲ. ಟಿಕೆಟ್ ಪುಟ ಗಿರಗಿರ ತಿರುಗುತ್ತ ನಿಂತಿತು. ಬೇಸತ್ತು ಮತ್ತೆ ಒತ್ತಿದೆ. ಊರು ತಲುಪಿದಾಗ ಒಂದೇ ಬಸ್ಸಿನಲ್ಲಿ ನನ್ನ ಹೆಸರಿಗೆ ಎರಡು ಸೀಟುಗಳಿದ್ದವು.

ಮೂರು ಪುಟಗಳೂ ಮೂರು ರೀತಿಯಲ್ಲಿ ಸರ್ವರ್ ಜೊತೆ ಮಾತಾಡುತ್ತಿದ್ದವು. ಯಾವ ರೀತಿ ಯಾವಾಗ ಒಳ್ಳೆಯದು ಎಂಬ ಚರ್ಚೆ ಪ್ರತಿ ತಂಡದಲ್ಲೂ, ಪ್ರತಿ ಹೊಸ ಪ್ರಾಜೆಕ್ಟಿನ ಮೊದಲ ವಾರ ನಡೆಯುತ್ತದೆ. ಸಾಮಾನ್ಯವಾಗಿ ವೇಗದ ಮಾತೇ ಮುಂದಿರುತ್ತದೆ: ಯಾವುದು ಎಷ್ಟು ಮಿಲಿಸೆಕೆಂಡು, ಯಾವುದು ಹೊಸದು, ಯಾವುದನ್ನು ಯಾವ ದೊಡ್ಡ ಕಂಪನಿ ಬಳಸುತ್ತದೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಸಂಪರ್ಕ ಮಧ್ಯೆ ಕಡಿದರೆ ಏನಾಗುತ್ತದೆ? ಇರುವ ದಾರಿಗಳನ್ನೆಲ್ಲ ಈ ಒಂದೇ ಒರೆಗಲ್ಲಿಗೆ ಹಚ್ಚಿ ನೋಡೋಣ.

ವೆಬ್ ಹುಟ್ಟಿದ್ದೇ ಕೇಳಿದವರಿಗಷ್ಟೇ ಉತ್ತರ ಎಂಬ ಕರಾರಿನ ಮೇಲೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1991ರಲ್ಲಿ ಬರೆದಿಟ್ಟ ಎಚ್‌ಟಿಟಿಪಿಯಲ್ಲಿ ಕೋರಿಕೆ ಎಂದರೆ ಒಂದೇ ಸಾಲು. ಸರ್ವರ್ ಪುಟ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಿತ್ತು. ನಾಡಕಚೇರಿಯ ಕಿಟಕಿಯ ಹಾಗೆ. ಅರ್ಜಿ ಕೊಟ್ಟವರು ಹೋಗಿ ಕೇಳಬೇಕೇ ಹೊರತು ನಿಮ್ಮ ಪ್ರಮಾಣಪತ್ರ ಸಿದ್ಧವಾಯಿತು ಎಂದು ಗುಮಾಸ್ತರು ಮನೆಗೆ ಬರುವುದಿಲ್ಲ. ಇದು ಕೊರತೆಯಂತೆ ಕಂಡರೂ ವೆಬ್ ಇಷ್ಟು ಬೆಳೆದದ್ದು ಇದರಿಂದಲೇ. ಕೇಳಿದವರು ಯಾರೆಂದು ಸರ್ವರ್ ನೆನಪಿಟ್ಟುಕೊಳ್ಳಬೇಕಿಲ್ಲ. ಹತ್ತು ಸರ್ವರ್‌ಗಳಿದ್ದರೆ ಯಾವುದು ಬೇಕಾದರೂ ಉತ್ತರಿಸಬಹುದು. ಒಮ್ಮೆ ಕೊಟ್ಟ ಉತ್ತರವನ್ನು ದಾರಿಯಲ್ಲೇ ಕ್ಯಾಶ್ ಮಾಡಿ ಮುಂದಿನವರಿಗೂ ಕೊಡಬಹುದು. ರಾಯ್ ಫೀಲ್ಡಿಂಗ್ 2000ದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿಗೆ ಒಪ್ಪಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಈ ಗುಣಗಳನ್ನು ಒಟ್ಟುಗೂಡಿಸಿ 'ರೆಸ್ಟ್' ಎಂದು ಹೆಸರಿಟ್ಟರು. ಈಗ ಎಚ್‌ಟಿಟಿಪಿ ಮೇಲೆ ಜೇಸನ್ ಕಳಿಸಿದ್ದಕ್ಕೆಲ್ಲ ರೆಸ್ಟ್ ಎನ್ನುತ್ತೇವೆ. ಹಾಗೆ ಕರೆಯಬೇಡಿ ಎಂದು ಫೀಲ್ಡಿಂಗ್ ಅವರೇ 2008ರಲ್ಲಿ ರೇಗಿ ಬರೆದರು. ಯಾರೂ ಕೇಳಲಿಲ್ಲ; ನಾನೂ ಇಲ್ಲಿ ರೂಢಿಯ ಅರ್ಥದಲ್ಲೇ ಬಳಸುತ್ತೇನೆ.

ಈ ಸಾದಾ ಕೇಳು-ಹೇಳು ಪದ್ಧತಿ ಕಡಿದರೆ? ಓದುವ ಕೋರಿಕೆಯಾದರೆ ಏನೂ ತೊಂದರೆಯಿಲ್ಲ, ಮತ್ತೆ ಕೇಳಿದರಾಯಿತು. ಗೆಟ್, ಪುಟ್, ಡಿಲೀಟ್ ಎಂಬ ಕ್ರಿಯೆಗಳನ್ನು ಎಷ್ಟು ಸಲ ಮಾಡಿದರೂ ಒಂದು ಸಲ ಮಾಡಿದಷ್ಟೇ ಪರಿಣಾಮ ಆಗಬೇಕು ಎಂಬುದು ಎಚ್‌ಟಿಟಿಪಿಯ ನಿಯಮ. ಪೋಸ್ಟ್‌ಗೆ ಆ ರಕ್ಷಣೆ ಇಲ್ಲ. ಸುರಂಗದಲ್ಲಿ ನನ್ನ ಕೋರಿಕೆ ಹೋಗುವಾಗ ಕಳೆಯಿತೋ, ಉತ್ತರ ಬರುವಾಗ ಕಳೆಯಿತೋ ಬ್ರೌಸರ್‌ಗೆ ತಿಳಿಯುವ ಬಗೆಯೇ ಇಲ್ಲ; ಎರಡೂ ಒಂದೇ ಮೌನ. ಎರಡನೇ ಸೀಟು ಬಂದದ್ದು ಹೀಗೆ. ಇದಕ್ಕೆ ಮದ್ದು ಹಳೆಯದು ಮತ್ತು ಸುಲಭದ್ದು: ಪ್ರತಿ ಬುಕಿಂಗಿಗೂ ಬ್ರೌಸರ್ ಒಂದು ಚೀಟಿ ನಂಬರು ಹುಟ್ಟಿಸಿ ಕಳಿಸಬೇಕು, ಅದೇ ನಂಬರು ಮತ್ತೆ ಬಂದರೆ ಸರ್ವರ್ ಹೊಸ ಸೀಟು ಕೊಡದೆ ಹಳೆಯ ಉತ್ತರವನ್ನೇ ಕೊಡಬೇಕು. ಹಣ ಪಾವತಿಯ ಪುಟಗಳಲ್ಲಿ 'ದಯವಿಟ್ಟು ರಿಫ್ರೆಶ್ ಮಾಡಬೇಡಿ, ಬ್ಯಾಕ್ ಒತ್ತಬೇಡಿ' ಎಂಬ ಬರಹ ಕಂಡಾಗಲೆಲ್ಲ ನನಗೆ ಅನುಮಾನ, ಚೀಟಿ ನಂಬರಿನ ಕೆಲಸವನ್ನು ಗ್ರಾಹಕರ ತಾಳ್ಮೆಗೆ ವಹಿಸಿದ್ದಾರೆ ಎಂದು.

ಪುಟವನ್ನು ಪೂರ್ತಿ ಬದಲಿಸದೆ ಹಿನ್ನೆಲೆಯಲ್ಲಿ ಕೇಳುವ ಸೌಲಭ್ಯ ಬಂದದ್ದು 1999ರಲ್ಲಿ. ಮೈಕ್ರೋಸಾಫ್ಟ್‌ನವರು ಔಟ್‌ಲುಕ್ ಇಮೇಲನ್ನು ಬ್ರೌಸರಿನಲ್ಲಿ ತೋರಿಸಲೆಂದು ಮಾಡಿಕೊಂಡ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ಎಂಬ ತುಣುಕು ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಹೊರಬಂತು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಅದರ ಬಲವನ್ನು ಜಗತ್ತಿಗೆ ತೋರಿಸಿದವು. ಅದೇ ವರ್ಷದ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ 'ಏಜಾಕ್ಸ್' ಎಂಬ ಹೆಸರು ಕೊಟ್ಟರು. ಹಿನ್ನೆಲೆಯಲ್ಲಿ ಕೇಳಬಹುದು ಎಂದಾದ ಮೇಲೆ ಪದೇಪದೇ ಕೇಳುವುದೂ ಶುರುವಾಯಿತು. ಅದೇ ಪೋಲಿಂಗ್.

ಪೋಲಿಂಗ್ ಎಂದರೆ ನಮ್ಮ ವೃತ್ತಿಯಲ್ಲಿ ಮೂಗು ಮುರಿಯುವವರೇ ಹೆಚ್ಚು. 'ಬಂತಾ, ಬಂತಾ' ಎಂದು ಕೇಳುತ್ತ ಕೂರುವುದು ಜಾಣತನವಲ್ಲ ಎಂಬ ಭಾವ. ಲೆಕ್ಕ ನೋಡಿದರೆ ಅವರ ಮಾತು ಸುಳ್ಳಲ್ಲ: ಒಂದು ಲಕ್ಷ ಜನ 5 ಸೆಕೆಂಡಿಗೊಮ್ಮೆ ಕೇಳಿದರೆ ಸೆಕೆಂಡಿಗೆ 20,000 ಕೋರಿಕೆಗಳು, ಬಹುಪಾಲಕ್ಕೆ 'ಹೊಸದೇನೂ ಇಲ್ಲ' ಎಂಬುದೇ ಉತ್ತರ. ಆದರೆ ಎಲ್ಲರಿಗೂ ಒಂದೇ ಉತ್ತರ ಬೇಕಿದ್ದಾಗ ಲೆಕ್ಕ ತಲೆಕೆಳಗಾಗುತ್ತದೆ. ಸ್ಕೋರು 4 ವಿಕೆಟಿಗೆ 180 ಎಂಬುದು ಕೇಳುವ ಲಕ್ಷ ಜನರಿಗೂ ಒಂದೇ. ಆ ಉತ್ತರವನ್ನು ಕ್ಯಾಶ್‌ನಲ್ಲಿ ಒಂದೇ ಒಂದು ಸೆಕೆಂಡು ಇಟ್ಟರೂ ಸಾಕು, ಮೂಲ ಸರ್ವರ್‌ಗೆ ತಟ್ಟುವ ಕೋರಿಕೆಗಳು ಬೆರಳೆಣಿಕೆಗೆ ಇಳಿಯುತ್ತವೆ. 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಫೈನಲನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ ನೋಡಿದವರ ಸಂಖ್ಯೆ 5.9 ಕೋಟಿ ಮುಟ್ಟಿತ್ತು. ಇಂಥ ನೇರಪ್ರಸಾರ ಯಾವುದೋ ಬಹು ವೇಗದ ವಿಶೇಷ ಕೊಳವೆಯಲ್ಲಿ ಬರುತ್ತದೆ ಎಂದು ಹೊರಗಿನವರು ಭಾವಿಸುತ್ತಾರೆ. ಆ್ಯಪಲ್ 2009ರಲ್ಲಿ ಹೊರತಂದ ಎಚ್‌ಎಲ್‌ಎಸ್ ಮತ್ತು ಅದರ ಸೋದರ ವಿಧಾನಗಳಲ್ಲಿ ನಡೆಯುವುದು ಬೇರೆ: ವಿಡಿಯೋವನ್ನು ಕೆಲವೇ ಸೆಕೆಂಡುಗಳ ತುಂಡು ಮಾಡಿ ಸಾದಾ ಫೈಲುಗಳಾಗಿ ಇಡುತ್ತಾರೆ, ಪ್ಲೇಯರ್ ಪಟ್ಟಿಯನ್ನು ಮತ್ತೆ ಮತ್ತೆ ತರಿಸಿ ಹೊಸ ತುಂಡು ಬಂದಿದೆಯೇ ಎಂದು ನೋಡುತ್ತದೆ. ಅಂದರೆ ಪೋಲಿಂಗ್! ಕೋಟಿ ಜನರ ಸಂತೆಯನ್ನು ತಡೆದುಕೊಳ್ಳುವುದು ನಾವು ಮೂಗು ಮುರಿದ ವಿದ್ಯೆಯೇ.

ಕಡಿದರೆ ಏನಾಗುತ್ತದೆ ಎಂಬ ಪರೀಕ್ಷೆಯಲ್ಲೂ ಪೋಲಿಂಗ್ ಮೊದಲ ದರ್ಜೆ. ಸುರಂಗದಿಂದ ಹೊರಬಂದ ಸ್ಕೋರು ಪುಟ ತನ್ನ ಮುಂದಿನ ಪ್ರಶ್ನೆ ಕೇಳಿತು, ಉತ್ತರ ಬಂತು, ಮುಗಿಯಿತು. ಚೇತರಿಕೆಗೆಂದು ಒಂದು ಸಾಲನ್ನೂ ಯಾರೂ ಬೇರೆಯಾಗಿ ಬರೆಯಬೇಕಾಗಿರಲಿಲ್ಲ. ಎಲ್ಲ ಬ್ರೌಸರ್‌ಗಳೂ ಒಂದೇ ಕ್ಷಣಕ್ಕೆ ಬಾಗಿಲು ತಟ್ಟದಂತೆ ಅಂತರವನ್ನು ಚೂರು ಹಿಂದುಮುಂದು ಮಾಡಿದರಾಯಿತು. ತತ್ಕಾಲ್ ಟಿಕೆಟಿಗೆ ಬೆಳಗ್ಗೆ 10ಕ್ಕೆ ಸರಿಯಾಗಿ ಮುಗಿಬಿದ್ದ ಅನುಭವ ಇದ್ದವರಿಗೆ ಕಾರಣ ವಿವರಿಸಬೇಕಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಸುದ್ದಿ, ಅದೂ ತಡವಿಲ್ಲದೆ ಬೇಕು ಎಂದಾಗ ಪೋಲಿಂಗ್ ಸೋಲುತ್ತದೆ. ಚಾಟ್ ಅದಕ್ಕೆ ಸರಿಯಾದ ಉದಾಹರಣೆ. ಸರ್ವರ್ ಕೋರಿಕೆ ಪಡೆದು, ಸುದ್ದಿ ಬರುವ ತನಕ ಉತ್ತರ ಕೊಡದೆ ಹಿಡಿದಿಟ್ಟುಕೊಳ್ಳುವ ಉಪಾಯ ಹೊಳೆದದ್ದು ಆಗ. ಗುಮಾಸ್ತರು 'ಇಲ್ಲ' ಎಂದು ಕಳಿಸುವ ಬದಲು 'ಇಲ್ಲೇ ಬೆಂಚಿನ ಮೇಲೆ ಕೂತಿರಿ' ಎಂದ ಹಾಗೆ. ಇದು ಲಾಂಗ್ ಪೋಲಿಂಗ್. ಈ ಬಗೆಯ ತಂತ್ರಗಳಿಗೆ ಅಲೆಕ್ಸ್ ರಸೆಲ್ 2006ರಲ್ಲಿ 'ಕಾಮೆಟ್' ಎಂದು ಹೆಸರಿಟ್ಟರು. ಫೇಸ್‌ಬುಕ್ 2008ರಲ್ಲಿ ಶುರು ಮಾಡಿದ ಚಾಟ್ ಇದರ ಮೇಲೆಯೇ, ಎರ್ಲಾಂಗ್ ಭಾಷೆಯ ಸರ್ವರ್‌ಗಳ ಬಲದಿಂದ ನಡೆಯಿತು. ಉತ್ತರ ಕೊಟ್ಟು ಮುಂದಿನ ಕೋರಿಕೆ ಬರುವ ನಡುವಿನ ಸಂದಿಯಲ್ಲಿ ಹುಟ್ಟಿದ ಸಂದೇಶದ ಗತಿ ಏನು ಎಂಬುದು ಇದರ ತೊಡಕು. ಟೆಲಿಗ್ರಾಮ್ ಬಾಟ್‌ಗಳ ಎಪಿಐ ಅದನ್ನು ಬಿಡಿಸಿದ ರೀತಿ ನನಗೆ ಬಹಳ ಇಷ್ಟ. ಪ್ರತಿ ಸುದ್ದಿಗೂ ಕ್ರಮಸಂಖ್ಯೆ ಇರುತ್ತದೆ. ಬಾಟ್ ಮುಂದಿನ ಸಲ ಕೇಳುವಾಗ 'ಇಷ್ಟನೇ ನಂಬರಿನಿಂದ ಕೊಡಿ' ಎನ್ನುತ್ತದೆ. ಅದಕ್ಕಿಂತ ಹಿಂದಿನದು ಮುಟ್ಟಿದೆ ಎಂದು ಸರ್ವರ್ ಆಗ ಖಾತ್ರಿ ಮಾಡಿಕೊಳ್ಳುತ್ತದೆ. ಎಷ್ಟು ಸಲ ಕಡಿದರೂ ಒಂದು ಸುದ್ದಿಯೂ ತಪ್ಪುವುದಿಲ್ಲ.

ಅದೇ ಕ್ರಮಸಂಖ್ಯೆಯನ್ನು ಬ್ರೌಸರ್‌ಗೇ ಕಲಿಸಿದ್ದು ಸರ್ವರ್-ಸೆಂಟ್ ಇವೆಂಟ್ಸ್, ಚುಟುಕಾಗಿ ಎಸ್‌ಎಸ್‌ಇ. ಬ್ರೌಸರ್ ಒಮ್ಮೆ ಕೇಳುತ್ತದೆ, ಸರ್ವರ್ ಉತ್ತರವನ್ನು ಮುಗಿಸದೆ ಸಾಲು ಸಾಲಾಗಿ ಬರೆಯುತ್ತ ಹೋಗುತ್ತದೆ. ಸಂಪರ್ಕ ಕಡಿದರೆ ಬ್ರೌಸರ್ ತಾನೇ ಮತ್ತೆ ಜೋಡಿಸಿಕೊಂಡು, ಕೊನೆಗೆ ಕಂಡ ಸುದ್ದಿಯ ಗುರುತನ್ನು ಹೆಡರಿನಲ್ಲಿ ಇಟ್ಟು ಕಳಿಸುತ್ತದೆ. ನಾವು ಬರೆಯಬೇಕಾದದ್ದು ಸರ್ವರ್ ಬದಿಯಲ್ಲಿ 'ಅಲ್ಲಿಂದ ಮುಂದಕ್ಕೆ' ಕೊಡುವುದಷ್ಟೇ. 2006ರಲ್ಲೇ ಒಪೆರಾ ಬ್ರೌಸರ್‌ನಲ್ಲಿ ಕಾಣಿಸಿಕೊಂಡ ಈ ಒಳ್ಳೆಯ ವಸ್ತು ವರ್ಷಗಟ್ಟಲೆ ಮೂಲೆಯಲ್ಲಿ ಕೂತಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಕೊನೆವರೆಗೂ ಒಳಗೆ ಬಿಟ್ಟುಕೊಳ್ಳಲಿಲ್ಲ; ಎಜ್‌ಗೆ ಬಂದದ್ದು 2020ರ ಜನವರಿಯಲ್ಲಿ, ಅದು ಕ್ರೋಮಿಯಂ ಮೈ ತೊಟ್ಟ ಮೇಲೆ. ಮೂರು ವರ್ಷ ತುಂಬುವುದರೊಳಗೆ ಚಾಟ್‌ಜಿಪಿಟಿ ಬಂತು. ಅಕ್ಷರಗಳು ಒಂದೊಂದಾಗಿ ಮೂಡುವ ಆ ನೋಟದ ಹಿಂದೆ ಇರುವುದು ಬಹುತೇಕ ಇದೇ. ಓಪನ್‌ಎಐ ತನ್ನ ಎಪಿಐ ಉತ್ತರಗಳನ್ನು ಹರಿಸುವುದು ಎಸ್‌ಎಸ್‌ಇ ರೂಪದಲ್ಲೇ.

ಅದಕ್ಕೂ ಕೀಟಲೆಗಳಿವೆ. ಹರಿಯುವುದು ಸರ್ವರ್‌ನಿಂದ ಬ್ರೌಸರ್‌ಗೆ ಮಾತ್ರ, ಅದೂ ಪಠ್ಯ ಮಾತ್ರ. ಹಳೆಯ ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್‌ಗಳು ಒಂದು ತಾಣಕ್ಕೆ ಆರಕ್ಕಿಂತ ಹೆಚ್ಚು ಸಂಪರ್ಕ ತೆರೆಯುವುದಿಲ್ಲ. ಏಳನೇ ಟ್ಯಾಬ್ ತೆರೆದ ಬಳಕೆದಾರರು ಬಿಳಿ ಪುಟ ನೋಡುತ್ತ ಕೂರಬೇಕು. ಎಚ್‌ಟಿಟಿಪಿ 2 ಬಳಸಿದರೆ ಈ ತೊಂದರೆ ತೀರುತ್ತದೆ. ಇನ್ನೊಂದು ತೊಂದರೆ ನನ್ನನ್ನು ಎರಡು ದಿನ ಸತಾಯಿಸಿತು. ಒಂದು ಕಚೇರಿಗೆ ಕೆಲಸದ ಪ್ರಗತಿ ತೋರಿಸುವ ಪುಟ ಮಾಡಿಕೊಟ್ಟಿದ್ದೆ. ನಮ್ಮಲ್ಲಿ ಶೇಕಡ 1, 2, 3 ಎಂದು ಏರುತ್ತಿದ್ದದ್ದು ಅವರಲ್ಲಿ ಹತ್ತು ನಿಮಿಷ ಸೊನ್ನೆಯಲ್ಲೇ ನಿಂತು ಒಮ್ಮೆಲೇ ನೂರಕ್ಕೆ ಹಾರುತ್ತಿತ್ತು. ನಡುವೆ ಕೂತಿದ್ದ ಪ್ರಾಕ್ಸಿ, ಉತ್ತರ ಪೂರ್ತಿಯಾಗಲಿ ಎಂದು ಅಷ್ಟನ್ನೂ ಬುಟ್ಟಿಯಲ್ಲಿ ತುಂಬಿಟ್ಟುಕೊಳ್ಳುತ್ತಿತ್ತು. ಬಫರಿಂಗ್ ನಿಲ್ಲಿಸುವ ಒಂದು ಸಾಲಿನ ಸೆಟ್ಟಿಂಗ್ ಸಾಕಾಯಿತು. ಆ ಸಾಲು ಯಾರ ಅಧಿಕಾರಕ್ಕೆ ಬರುತ್ತದೆ ಎಂದು ಹುಡುಕಲು ಎರಡು ದಿನ.

ಎರಡೂ ಕಡೆಯಿಂದ ಮಾತು ಬೇಕು ಎಂದಾಗ ವೆಬ್‌ಸಾಕೆಟ್. 2011ರ ಡಿಸೆಂಬರಿನಲ್ಲಿ ಅದರ ಮಾನಕ ಪ್ರಕಟವಾಯಿತು. ಎಚ್‌ಟಿಟಿಪಿ ಕೋರಿಕೆಯಾಗಿ ಬಾಗಿಲು ತಟ್ಟಿ, ಸರ್ವರ್ 101 ಎಂಬ ಸಂಕೇತ ಕೊಟ್ಟೊಡನೆ ವೇಷ ಕಳಚಿ ಬೇರೆಯೇ ಭಾಷೆಗೆ ತಿರುಗುತ್ತದೆ. ಆಮೇಲೆ ಯಾರು ಯಾವಾಗ ಬೇಕಾದರೂ ಮಾತಾಡಬಹುದು; ಚಿಕ್ಕ ಸಂದೇಶಕ್ಕೆ ಸರ್ವರ್ ಬದಿಯಿಂದ ತಗಲುವ ಹೆಡರ್ ಕೇವಲ 2 ಬೈಟು. ಬ್ರೌಸರ್ ಕಳಿಸುವುದನ್ನೆಲ್ಲ 4 ಬೈಟಿನ ಕೀಲಿಯಿಂದ ಕಲಸಿಯೇ ಕಳಿಸಬೇಕು ಎಂಬ ವಿಚಿತ್ರ ನಿಯಮವೂ ಇದೆ. ಗುಟ್ಟು ಕಾಪಾಡುವುದು ಅದರ ಉದ್ದೇಶವಲ್ಲ. ದಾರಿಯ ಹಳೆಯ ಪ್ರಾಕ್ಸಿಗಳನ್ನು ಮೋಸಗೊಳಿಸಿ ಅವುಗಳ ಕ್ಯಾಶ್‌ಗೆ ವಿಷ ಹಾಕಬಹುದು ಎಂದು 2010ರಲ್ಲಿ ಸಂಶೋಧಕರು ತೋರಿಸಿಕೊಟ್ಟಿದ್ದರು. ಆಗ ಫೈರ್‌ಫಾಕ್ಸ್ 4ರಲ್ಲಿ ವೆಬ್‌ಸಾಕೆಟನ್ನೇ ನಿಷ್ಕ್ರಿಯಗೊಳಿಸಿಟ್ಟಿದ್ದರು; ಕಲಸುವ ನಿಯಮ ಬಂದದ್ದು ಅದನ್ನು ತಡೆಯಲು.

ವೆಬ್‌ಸಾಕೆಟ್ ಬಳಕೆಯ ಅತ್ಯುತ್ತಮ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಷೇರು ವಹಿವಾಟಿನ ಜೆರೋಧಾ ತನ್ನ ಕೈಟ್ ಕನೆಕ್ಟ್ ಎಪಿಐ ಹೇಗೆ ಕೆಲಸ ಮಾಡುತ್ತದೆ ಎಂದು ಬಹಿರಂಗವಾಗಿ ಬರೆದಿಟ್ಟಿದೆ. ಬೆಲೆಗಳು ಬರುವುದು ವೆಬ್‌ಸಾಕೆಟ್ ಮೇಲೆ, ಬೈನರಿ ರೂಪದಲ್ಲಿ. ಕೊನೆಯ ಬೆಲೆಯಷ್ಟೇ ಸಾಕು ಎಂದರೆ ಒಂದು ಷೇರಿಗೆ 8 ಬೈಟು: ಷೇರಿನ ಗುರುತಿಗೆ 4, ಪೈಸೆಯಲ್ಲಿ ಬರೆದ ಬೆಲೆಗೆ 4. ಒಂದು ಸಂಪರ್ಕದಲ್ಲಿ 3,000 ಷೇರುಗಳವರೆಗೆ ಕೇಳಬಹುದು. ಹೇಳಲು ಏನೂ ಇಲ್ಲದಾಗ ಬದುಕಿದ್ದೇನೆ ಎಂದು ತಿಳಿಸಲು ಒಂದು ಬೈಟಿನ ಮಿಡಿತ. ಆದರೆ ಷೇರು ಕೊಳ್ಳುವ ಆರ್ಡರ್ ಹೋಗುವುದು ಈ ವೇಗದ ಕೊಳವೆಯಲ್ಲಲ್ಲ, ಸಾದಾ ಎಚ್‌ಟಿಟಿಪಿ ಕೋರಿಕೆಯಾಗಿ. ಯಾಕೆ ಎಂದು ಯೋಚಿಸಿ ನೋಡಿ. ಒಂದು ಬೆಲೆ ದಾರಿಯಲ್ಲಿ ಕಳೆದರೆ ನಷ್ಟವಿಲ್ಲ, ಮರುಕ್ಷಣ ಬರುವ ಬೆಲೆ ಅದನ್ನು ಹೇಗೂ ಅಳಿಸಿಹಾಕುತ್ತಿತ್ತು. ಆರ್ಡರ್ ಕಳೆಯಬಾರದು, ಎರಡಾಗಬಾರದು. ಒಂದು ಪ್ರಶ್ನೆಗೆ ಒಂದು ಉತ್ತರ ಎಂದು ಲೆಕ್ಕ ಸಿಗಬೇಕು. ಕಳೆದರೂ ನಡೆಯುವ ಸುದ್ದಿಗೆ ಒಂದು ದಾರಿ, ಕಳೆಯಬಾರದ ಮಾತಿಗೆ ಇನ್ನೊಂದು. ಒಂದು ಆ್ಯಪ್‌ಗೆ ಒಂದೇ ದಾರಿ ಆರಿಸಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಕಡಿಯುವ ಪರೀಕ್ಷೆಯಲ್ಲಿ ವೆಬ್‌ಸಾಕೆಟ್‌ಗೆ ಕಡಿಮೆ ಅಂಕ. ನನ್ನ ಚಾಟಿನ ಹಸಿರು ಚುಕ್ಕಿಯ ಕಥೆ ಇದೇ. ಸಿಗ್ನಲ್ ಸತ್ತಾಗ ಯಾರೂ ವಿದಾಯ ಹೇಳುವುದಿಲ್ಲ. ಎರಡೂ ತುದಿಗಳು ಸಂಪರ್ಕ ಇದೆಯೆಂದೇ ನಂಬಿ ಬಹಳ ಹೊತ್ತು ಕೂರಬಹುದು. ಮಿಡಿತ ಇಡಬೇಕು, ಬ್ರೌಸರಿನ ಜಾವಾಸ್ಕ್ರಿಪ್ಟ್‌ಗೆ ವೆಬ್‌ಸಾಕೆಟ್‌ನ ಪಿಂಗ್ ಕಳಿಸುವ ಅವಕಾಶವನ್ನೇ ಕೊಟ್ಟಿಲ್ಲವಾದ್ದರಿಂದ ಅದನ್ನೂ ನಾವೇ ಸಾಮಾನ್ಯ ಸಂದೇಶವಾಗಿ ಕಟ್ಟಬೇಕು. ಮರುಜೋಡಣೆ ನಾವೇ ಬರೆಯಬೇಕು, ತಪ್ಪಿದ ಸಂದೇಶಗಳ ಲೆಕ್ಕ ನಾವೇ ಇಡಬೇಕು. ಹೊಸ ಆವೃತ್ತಿ ಹಾಕಲು ಸರ್ವರ್ ನಿಲ್ಲಿಸಿದರೆ ಅದರಲ್ಲಿ ಕೂತಿದ್ದ ಐವತ್ತು ಸಾವಿರ ಜನ ಒಮ್ಮೆಲೇ ಪಕ್ಕದ ಸರ್ವರ್‌ನ ಬಾಗಿಲಿಗೆ ಬರುತ್ತಾರೆ. ಬೇರೆ ತಾಣದ ಪುಟಗಳಿಂದ ಬರುವ ಕೋರಿಕೆಗಳಿಗೆ ಬ್ರೌಸರ್ ಹಾಕುವ ಸಾಮಾನ್ಯ ಕಟ್ಟುಪಾಡು ಇಲ್ಲಿ ಅನ್ವಯಿಸುವುದಿಲ್ಲ, ಯಾವ ತಾಣದಿಂದ ಬಂದಿದ್ದಾರೆ ಎಂದು ಸರ್ವರೇ ನೋಡಿಕೊಳ್ಳಬೇಕು. ಫಿಗ್ಮಾದಂತೆ ಹಲವರು ಒಂದೇ ಚಿತ್ರದ ಮೇಲೆ ಕೈಯಾಡಿಸುವಲ್ಲಿ, ಆಟಗಳಲ್ಲಿ, ಷೇರುಪೇಟೆಯಲ್ಲಿ ಈ ಶ್ರಮಕ್ಕೆ ಫಲವಿದೆ. ದಿನಕ್ಕೆ ಮೂರು ಸಲ ಬರುವ ಸೂಚನೆಯ ಗಂಟೆಗಾಗಿ ವೆಬ್‌ಸಾಕೆಟ್ ಕಟ್ಟಿಕೊಂಡ ತಂಡಗಳನ್ನು ನೋಡಿದ್ದೇನೆ. ಸೊಳ್ಳೆ ಹೊಡೆಯಲು ಒನಕೆ.

ಇದುವರೆಗೆ ಹೇಳಿದ್ದು ಮಾತು ಹರಿಯುವ ದಾರಿಯ ಬಗ್ಗೆ. ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದು ಪಕ್ಕದ ಪ್ರಶ್ನೆ; ಜಗಳ ಅಲ್ಲೇ ಜಾಸ್ತಿ, ಪರಿಣಾಮ ಮಾತ್ರ ಅಷ್ಟಿಲ್ಲ. ಗ್ರಾಫ್‌ಕ್ಯೂಎಲ್ ಅನ್ನು ಫೇಸ್‌ಬುಕ್ 2012ರಲ್ಲಿ ತನ್ನ ಮೊಬೈಲ್ ಆ್ಯಪ್‌ಗಾಗಿ ಕಟ್ಟಿ 2015ರಲ್ಲಿ ಹೊರಗೆ ಬಿಟ್ಟಿತು. ಬೇಕಾದ್ದನ್ನಷ್ಟೇ, ಬೇಕಾದ ಆಕಾರದಲ್ಲಿ, ಒಂದೇ ಸುತ್ತಿನಲ್ಲಿ ತರಿಸಿಕೊಳ್ಳಬಹುದು. ಸುತ್ತು ಉಳಿಸುವುದು ಸಣ್ಣ ಮಾತಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 13,000 ಕಿಲೋಮೀಟರ್ ಆಚೆ ಅಮೆರಿಕದಲ್ಲಿ ಸರ್ವರ್ ಇದ್ದರೆ ಒಂದು ಸುತ್ತಿಗೆ ಕನಿಷ್ಠ 130 ಮಿಲಿಸೆಕೆಂಡು, ಯಾವ ಎಂಜಿನಿಯರ್ ಏನು ಮಾಡಿದರೂ. ಆದರೆ ಗ್ರಾಫ್‌ಕ್ಯೂಎಲ್‌ನಲ್ಲಿ ಎಲ್ಲ ಪ್ರಶ್ನೆಗಳೂ ಸಾಮಾನ್ಯವಾಗಿ ಒಂದೇ ವಿಳಾಸಕ್ಕೆ ಪೋಸ್ಟ್ ಆಗಿ ಹೋಗುವುದರಿಂದ ದಾರಿಯಲ್ಲಿನ ಕ್ಯಾಶ್ ಕೈಕಟ್ಟಿ ಕೂರುತ್ತದೆ. ಒಳಗೆ ಎಡವಟ್ಟಾಗಿದ್ದರೂ ಮೇಲೆ 200, ಅಂದರೆ ಎಲ್ಲವೂ ಸರಿ ಎಂಬ ಮೊಹರು ಬರುವುದುಂಟು. 2016ರಿಂದ ಗ್ರಾಫ್‌ಕ್ಯೂಎಲ್ ಕೊಡುತ್ತಿರುವ ಗಿಟ್‌ಹಬ್ ತನ್ನ ರೆಸ್ಟ್ ಎಪಿಐಯನ್ನು ಕೈಬಿಟ್ಟಿಲ್ಲ. ಇದು ನನಗೆ ಸಾಕಷ್ಟು ಸಾಕ್ಷಿ. ಗೂಗಲ್ 2015ರಲ್ಲಿ ಹೊರತಂದ ಜಿಆರ್‌ಪಿಸಿ ಸರ್ವರ್‌ಗಳ ನಡುವಿನ ಮಾತಿಗೆ ಬಹಳ ಒಳ್ಳೆಯದು, ಇಷ್ಟು ಹೊತ್ತಿನೊಳಗೆ ಉತ್ತರ ಬರದಿದ್ದರೆ ಬೇಡ ಎಂಬ ಗಡುವು ಅದರ ಜೊತೆಗೇ ಸಾಗುತ್ತದೆ. ಬ್ರೌಸರ್ ಅದನ್ನು ನೇರ ಆಡಲಾರದು, ನಡುವೆ ದುಭಾಷಿಯಂಥ ಪ್ರಾಕ್ಸಿ ಬೇಕು.

ಟ್ಯಾಬ್ ಮುಚ್ಚಿದ ಮೇಲೂ ಸುದ್ದಿ ಮುಟ್ಟಬೇಕಾದರೆ ವೆಬ್ ಪುಶ್ ಇದೆ. ಐಫೋನಿನಲ್ಲಿ ಅದು 2023ರಿಂದ, ಮುಖಪರದೆಗೆ ಸೇರಿಸಿಕೊಂಡ ವೆಬ್ ಆ್ಯಪ್‌ಗಳಿಗೆ ಮಾತ್ರ. 2015ರ ಎಚ್‌ಟಿಟಿಪಿ 2 ಜೊತೆ ಬಂದ, ಬ್ರೌಸರ್ ಕೇಳುವ ಮೊದಲೇ ಫೈಲು ಕಳಿಸುವ ಸರ್ವರ್ ಪುಶ್ ಎಂಬ ದೊಡ್ಡ ಆಸೆ ನೆಲಕಚ್ಚಿತು, 2022ರಲ್ಲಿ ಕ್ರೋಮ್ ಅದನ್ನು ತೆಗೆದೇಹಾಕಿತು. ಅದೇ ವರ್ಷ ಮಾನಕವಾದ ಎಚ್‌ಟಿಟಿಪಿ 3 ನಮ್ಮ ಪ್ರಶ್ನೆಗೆ ಹತ್ತಿರದ್ದು. ಟಿಸಿಪಿ ಬದಲು ಕ್ವಿಕ್ ಮೇಲೆ ಓಡುವ ಇದರಲ್ಲಿ ಸಂಪರ್ಕಕ್ಕೆ ತನ್ನದೇ ಗುರುತು ಇರುವುದರಿಂದ, ಮನೆಯ ವೈಫೈ ಬಿಟ್ಟು ಮೊಬೈಲ್ ಜಾಲಕ್ಕೆ ಜಿಗಿದರೂ ಮಾತು ಮುಂದುವರಿಯಬಹುದು. ಅದರ ಮೇಲೆ ಕಟ್ಟುತ್ತಿರುವ ವೆಬ್‌ಟ್ರಾನ್ಸ್‌ಪೋರ್ಟ್ ಮುಂದೊಂದು ದಿನ ವೆಬ್‌ಸಾಕೆಟ್‌ನ ಜಾಗ ಹಿಡಿದರೂ ಹಿಡಿಯಬಹುದು. ನಾನಂತೂ ಅವಸರ ಮಾಡುವುದಿಲ್ಲ. ಸುರಂಗದಲ್ಲಿ ಸಿಗ್ನಲ್ಲೇ ಇಲ್ಲದಾಗ ಕ್ವಿಕ್ ಕೂಡ ಕತ್ತಲಲ್ಲೇ ಕೂರಬೇಕು.

ಆದ್ದರಿಂದ ನನ್ನ ತೀರ್ಪು ಹಳೆಯ ಕಾಲದವನದ್ದು. ಸಾದಾ ಎಚ್‌ಟಿಟಿಪಿಯಿಂದ ಶುರು ಮಾಡಿ, ಬರೆಯುವ ಪ್ರತಿ ಕೋರಿಕೆಗೂ ಚೀಟಿ ನಂಬರು ಇಡಿ. ಸುದ್ದಿ ಎಲ್ಲರಿಗೂ ಒಂದೇ ಆದರೆ ಪೋಲಿಂಗ್ ಮತ್ತು ಕ್ಯಾಶ್. ಒಬ್ಬೊಬ್ಬರಿಗೆ ಬೇರೆಬೇರೆ ಆದರೆ ಎಸ್‌ಎಸ್‌ಇ. ಬೆರಳು ಚಲಿಸಿದ್ದು ಆಚೆಯವರಿಗೆ ಆ ಕ್ಷಣವೇ ಕಾಣಬೇಕು ಎಂದಾಗ ಮಾತ್ರ ವೆಬ್‌ಸಾಕೆಟ್, ಅದೂ ಅದರ ಮರುಜೋಡಣೆಯನ್ನು ಬರೆದು ಮುಗಿಸುವಷ್ಟು ಪುರುಸೊತ್ತು ಇದ್ದರೆ. ಆ್ಯಪ್ ಬಿಡುಗಡೆಗೆ ಮುಂಚೆ ಒಂದು ಕೆಲಸ ಮಾಡಿ. ಹಣ ಕಟ್ಟುವ ಗುಂಡಿ ಒತ್ತಿ, ಕೂಡಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ನಲವತ್ತು ಸೆಕೆಂಡು ಎಣಿಸಿ, ತೆಗೆಯಿರಿ. ಪರದೆಯ ಮೇಲೆ ಏನು ಬರುತ್ತದೋ ನೋಡಿ. ನನ್ನ ಎರಡನೇ ಸೀಟಿನ ಹಣ ಇನ್ನೂ ಬಂದಿಲ್ಲ.